ಕಾಳವ್ವ ಕೂಸು ಎತ್ತಿಕೊಳ್ಳುವುದಿಲ್ಲ

ವಿಜಾಪುರದ ಇಬ್ರಾಹಿಂಪುರ, ೧೯೪೬. ಸೊಲ್ಲಾಪುರದ ಮೊದಲ ರೈಲು ಇನ್ನೂ ಕೂಗಿಲ್ಲ, ಕಾಳವ್ವನ ಹಂಡೆಯ ನೀರು ಆಗಲೇ ಕಾದಿದೆ. ಬಚ್ಚಲಲ್ಲಿ ಹದಿನೇಳರ ಗುರುಬಾಯಿ ಕಾಲು ಚಾಚಿ, ಮೂರು ತಿಂಗಳ ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಾಳೆ. ಕೂಸು ಓಣಿಯನ್ನೇ ಎಬ್ಬಿಸುವಂತೆ ಅಳುತ್ತಿದೆ. ಎದುರಿಗೆ ಮಣೆಯ ಮೇಲೆ ಕೂತ ಐವತ್ತೈದರ ಕಾಳವ್ವ ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದಾಳೆ.

"ಬಿಟ್ಟರ ತಾವ ಓಡ್ತಾವ್ರಿ ಇವು, ಕಳ್ಳ ಕೈ!" ಎಂದು ನಮ್ಮತ್ತ ನೋಡಿ ನಗುತ್ತಾಳೆ. "ನಾ ಎತ್ತಿಕೊಂಡ್ರ ಅಳು ನಿಲ್ತದ, ಖರೇ. ಆದ್ರ ಈಕಿ ಯಾವಾಗ ಕಲೀಬೇಕು?"

ತೊರವಿ ದಾರಿಯ ಅನಾಥಾಶ್ರಮದಲ್ಲಿ ಬೆಳೆದ ಹುಡುಗಿಯರಿಗೆ ಬಾಣಂತನಕ್ಕೆ ತವರೆಲ್ಲಿಂದ ಬರಬೇಕು? ಆಶ್ರಮದ ಪಂಚರು ಅಂಥವರನ್ನು ಕೂಸಿನ ಸಮೇತ ಇಲ್ಲಿಗೆ ಕಳಿಸುತ್ತಾರೆ. ಆರು ವರ್ಷದಲ್ಲಿ ಹತ್ತು ಬಾಣಂತಿಯರು ಬಂದು ಹೋಗಿದ್ದಾರೆ, ಗುರುಬಾಯಿ ಹನ್ನೊಂದನೆಯವಳು. ಎಂಟು ಕೂಸುಗಳು ತಾಯಂದಿರ ಬಳಿಯೇ ಉಳಿದವು. ಉಳಿಯದ ಎರಡರ ಮಾತು ತೆಗೆದರೆ ಕಾಳವ್ವ ಎದ್ದು ಒಲೆಗೆ ಕಟ್ಟಿಗೆ ಇಡುತ್ತಾಳೆ.

ಎತ್ತಿಕೊಳ್ಳದ ಈ ಹಠ ಎಲ್ಲಿಯದು? ತಿಕೋಟಾದಲ್ಲಿ ಹದಿನಾರಕ್ಕೇ ಹಡೆದವಳು ಆಕೆ. ಅತ್ತೆ ಒಳ್ಳೆಯವಳೇ, ಪಾಪ. ಸೊಸೆಗೇನು ತಿಳಿಯುತ್ತದೆಂದು ಕೂಸನ್ನು ಕಂಕುಳಿಂದ ಇಳಿಸಲೇ ಇಲ್ಲ. "ನನ್ನ ಮಗ ಅತ್ತೀಗೆ 'ಅವ್ವ' ಅಂದ, ನನಗ 'ಕಾಳಿ' ಅಂದ. ಹೊಟ್ಟಿ ಉರೀತ್ರಿ."

ಗುರುಬಾಯಿಯ ಗಂಡ ರೇವಪ್ಪನೂ ಆಶ್ರಮದವನೇ. ಸೊಲ್ಲಾಪುರ ರಸ್ತೆಯಲ್ಲಿ ಚಕ್ಕಡಿಗಾಲಿ ಮಾಡುವ ಬಡಿಗನ ಕೈಕೆಳಗೆ ದುಡಿಯುತ್ತಾನೆ. ಇಬ್ಬರೂ ಆಶ್ರಮದ ಅಂಗಳದ ಕೋಣೆಯಲ್ಲಿದ್ದಾಗ ಕೂಸು ಸೊರಗಿ ಕಡ್ಡಿಯಾಯಿತು. ತಾಯಿಗೆ ಸಾಕಲು ಬಾರದೆಂದು ಪಂಚರು ಬಬಲೇಶ್ವರದ ಮಕ್ಕಳಿಲ್ಲದ ಮನೆಯೊಂದಕ್ಕೆ ಮಾತು ಕೊಟ್ಟೇಬಿಟ್ಟಿದ್ದರು. "ಒಂದು ತಿಂಗಳು ನನ್ನ ಕಡೆ ಬಿಡ್ರಿ, ಆಮ್ಯಾಲ ನೋಡೂಣು" ಎಂದು ಕಾಳವ್ವ ಪಟ್ಟು ಹಿಡಿದಳು.

ಬಂದ ದಿನವೇ ತಪ್ಪು ಕಣ್ಣಿಗೆ ಬಿತ್ತು. ಕೂಸು ಹಸಿದು ಚೀರುತ್ತಿದೆ, ತಾಯಿ ಕುಪ್ಪಸ ತೋಯ್ದರೂ ಕೂತೇ ಇದ್ದಾಳೆ. ಹಾಲು ಕುಡಿಸೆಂದರೆ, "ಇನ್ನಾ ಗಂಟಿ ಆಗಿಲ್ಲಲ್ರಿ" ಅಂದಳಂತೆ! ಆಶ್ರಮದಲ್ಲಿ ದಿನಕ್ಕೆ ಮೂರು ಸಲ ಗಂಟೆ, ಮೂರು ಸಲ ಊಟ. ಹಸಿವೆಂದರೆ ಆಕೆಗೆ ಗೊತ್ತಿದ್ದದ್ದು ಅಷ್ಟೇ. ಅಯ್ಯೋ ಶಿವನೇ, ಯಾರನ್ನು ಬೈಯೋಣ?

"ನಗಬೇಕೋ ಅಳಬೇಕೋ ತಿಳೀಲಿಲ್ರಿ. ಕೂಸು ಅತ್ತರ ಅದಽ ಗಂಟಿ ಬೇ, ಅಂದೆ."

ಇಂದಿಗೆ ತಿಂಗಳು ತುಂಬಿದೆ. ಬಿಸಿಲೇರುವ ಮುಂಚೆಯೇ ಪಂಚರ ಹಿರಿಯ ಬಸಲಿಂಗಯ್ಯನವರ ಚಕ್ಕಡಿ ಬಾಗಿಲಿಗೆ ಬರುತ್ತದೆ. ಕೂಸಿನ ತೊಡೆಯಲ್ಲಿ ಮಡಿಕೆ ಬಿದ್ದದ್ದು ಕಂಡು ಅವರಿಗೂ ಖುಷಿಯೇ. ಆದರೂ ಕೇಳುತ್ತಾರೆ: "ಬಬಲೇಶ್ವರದಾಗ ಹೊಲಾ ಐತಿ, ಹೈನಾ ಐತಿ, ಕೂಸು ಸುಖದಾಗ ಬೆಳೀತದ. ಕೊಡ್ತಿ ಏನವಾ?"

ಗುರುಬಾಯಿ ಕಾಳವ್ವನ ಮುಖ ನೋಡುತ್ತಾಳೆ. ಕಾಳವ್ವ ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ. ಬಾಗಿಲಲ್ಲಿ ರೇವಪ್ಪ ರುಮಾಲು ಹಿಂಡುತ್ತ ನಿಂತಿದ್ದಾನೆ.

"ಇಲ್ರಿ," ಅನ್ನುತ್ತಾಳೆ ಗುರುಬಾಯಿ, ಕೂಸನ್ನು ಅವಚಿಕೊಂಡು. "ನಾ ಕೊಡೂದಿಲ್ಲ."

"ಆತು ಬಿಡವಾ. ಬಬಲೇಶ್ವರದವರಿಗೆ ನಾನಽ ಹೇಳ್ತೇನಿ" ಎಂದು ಬಸಲಿಂಗಯ್ಯನವರು ಚಕ್ಕಡಿ ಹತ್ತುತ್ತಾರೆ.

ಕಾಳವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. "ಹುಟ್ಟಿದಾಗಿಂದ ಹಿರ್ಯಾರ ಮಾತಿಗೆ 'ಹೂನ್ರಿ' ಅಂತ ಬೆಳದ ಹುಡುಗಿ ರೀ ಇದು. ಎರಿಯೂದು ನಾ ಕಲಿಸೇನಿ, ಕುಡಿಸೂದು ನಾ ಕಲಿಸೇನಿ. 'ಇಲ್ಲ' ಅನ್ನೂದು ಮಾತ್ರ ನಾ ಕಲಿಸಿಲ್ರಿ. ಅದು ಆಕೀದು."