ಮೂಕನಿಗೆ ಕೇಳಿದ ಪ್ರಶ್ನೆಗಳು

ಗಂಟಲಿನ ಗಂಟು ತೆಗೆದು ಪರೀಕ್ಷೆಗೆ ಕಳಿಸಿದ ಡಾಕ್ಟರು, ರಿಪೋರ್ಟ್ ಬರಲು ಒಂದು ವಾರ ಬೇಕು, ಅಲ್ಲಿಯವರೆಗೆ ಪಿಟ್ಟೆನ್ನಕೂಡದು ಎಂದು ಅಪ್ಪಣೆ ಮಾಡಿದರು. ಅದು ಕೆಟ್ಟ ಗಂಟೋ ಸಾದಾ ಗಂಟೋ ಆಮೇಲೆಯೇ ತಿಳಿಯುವುದು. ಮುಂಬಯಿಯ ಸಯನ್ನಿನ ನಮ್ಮ ಮನೆಯ ಸೋಫಾದ ಮೇಲೆ ನಾನು ಕೂಡಿಸಿದ ಗಣಪತಿಯಂತೆ ಕುಳಿತೆ. ಚೀಟಿಯ ಮೇಲೆ ಚಹಾ, ಬಿಸಿನೀರು, ಫ್ಯಾನ್ ಎಂದು ಬರೆದು ತೋರಿಸಿ ಹೆಂಡತಿಯನ್ನು ಓಡಾಡಿಸಿದೆ. ದರ್ಶನಕ್ಕೆ ಜನ ಬರತೊಡಗಿದರು.

ಬೊರಿವಲಿಯಿಂದ ದೊಡ್ಡಪ್ಪನ ಮಗ ದಾದರಿನಲ್ಲಿ ಲೋಕಲ್ ಬದಲಿಸಿ, ಬೆವರು ಸುರಿಸುತ್ತ ಬಂದ. ಇದೆಲ್ಲ ಹೇಗಾಯಿತು, ಮೊದಲಿನಿಂದ ಹೇಳು ಅಂದ. ಅಷ್ಟೆಲ್ಲ ಚೀಟಿಯಲ್ಲಿ ಹಿಡಿಸುವುದಿಲ್ಲವೆಂದು ಗಂಟಲು ತೋರಿಸಿದೆ. ಆಗ ತನ್ನ ಬೀಗರ ಗಂಟಲಿನ ಕಥೆಯನ್ನು ತಾನೇ ಮೊದಲಿನಿಂದ ಹೇಳಿದ. ಆ ಬೀಗರು ಕೊನೆಗೆ ಉಳಿಯಲಿಲ್ಲ. ಧೈರ್ಯವಾಗಿರು ಎಂದು ಎದ್ದು ಹೋದ. ಎಲ್ಲರೂ ಕಾಕು ಎಂದು ಕರೆಯುವ ಮೇಲಿನ ಮಹಡಿಯ ಮರಾಠಿ ಹೆಂಗಸು ನನ್ನೆದುರೇ ಹೆಂಡತಿಯನ್ನು ಕೇಳಿದರು: ಇವರಿಗೆ ಕಿವಿಯಾದರೂ ಕೇಳಿಸುತ್ತದೆಯೇ?

ಇದಕ್ಕೆಲ್ಲ ಕಳಸವಿಟ್ಟವನು ಪವಾಯಿಯ ನನ್ನ ಹಳೆಯ ಆಫೀಸಿನ ಮ್ಯಾನೇಜರ್. ಗ್ರಾಹಕರನ್ನು ಮಾತಾಡಿಸುವುದು ಹೇಗೆಂದು ಅಲ್ಲಿ ಹದಿನೈದು ವರ್ಷ ತರಬೇತಿ ಕೊಟ್ಟವನು ನಾನು. ಹೌದು ಅಥವಾ ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಸೋಮಾರಿಗಳ ಪ್ರಶ್ನೆ ಎಂದು ಬೋರ್ಡಿನ ಮೇಲೆ ಬರೆದು ಚಪ್ಪಾಳೆ ಗಿಟ್ಟಿಸಿದವನು. ಈತ ನನ್ನ ಅಚ್ಚುಮೆಚ್ಚಿನ ಶಿಷ್ಯ. ಮುಂದಕ್ಕೆ ಬಾಗಿ, ಕಲಿಸಿದಂತೆಯೇ ಕಣ್ಣಲ್ಲಿ ಕಣ್ಣಿಟ್ಟು, ಈ ಅನುಭವ ನಿಮಗೆ ಏನು ಕಲಿಸಿತು ಸರ್ ಎಂದು ಹಿಂದಿಯಲ್ಲಿ ಕೇಳಿದ. ಆಮೇಲೆ ಸುಮ್ಮನೆ ಕಾದ. ಕಾಯುವುದನ್ನೂ ನಾನೇ ಕಲಿಸಿದ್ದೆ. ಒದೆಯಬೇಕೆನ್ನಿಸಿತು. ಒದೆ ಯಾರಿಗೆ ಸಲ್ಲಬೇಕೆಂದು ಗೊತ್ತಿದ್ದುದರಿಂದ ಹಲ್ಲು ಕಿರಿದೆ.

ರಿಪೋರ್ಟ್ ಬರುವ ಹಿಂದಿನ ದಿನ ಯಾರೂ ಬರಲಿಲ್ಲ. ಸಂಜೆ ಹೆಂಡತಿ ಎದುರಿಗೆ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಅಂಜಿಕಿ ಆಗೇದೇನ್ರಿ?"

ಹೌದೆಂದು ತಲೆಯಾಡಿಸಿದೆ. ಸಾಲದೆಂದು ಇನ್ನೊಮ್ಮೆ ಆಡಿಸಿದೆ. ಆರು ದಿನ ಎದೆಯಲ್ಲಿ ಕುಳಿತಿದ್ದುದು ಒಂದು ತಲೆಯಾಟಕ್ಕೆ ಹೊರಬಂತು, ಕಣ್ಣು ತುಂಬಿದವು. ನನ್ನದೇ ಸಮಾಧಾನದಲ್ಲಿದ್ದ ನನಗೆ ಅವಳ ಕೈ ನಿಂತಿದ್ದು ತಡವಾಗಿ ಕಂಡಿತು.

"ನನಗೂ ಆಗೇದ," ಅಂದಳು. "ಯಾರೂ ಕೇಳಲಿಲ್ಲ ನೋಡ್ರಿ. ನೀವೂ ಕೇಳಲಿಲ್ಲ."