ನಿಮ್ಮವ ಸೋತ

ಕಮಲಾಪುರದ ಪೀರಪ್ಪನಿಗೆ ಬಾಳೆಹಣ್ಣು ಮಾರಲು ಬರುತ್ತಿರಲಿಲ್ಲ. ಈ ಮಾತನ್ನು ಅವನ ಹೆಂಡತಿ ಗುಂಡಮ್ಮ ಊರೆಲ್ಲ ಕೇಳುವಂತೆ ಹೇಳುತ್ತಿದ್ದಳು, ಅದು ಸುಳ್ಳೂ ಆಗಿರಲಿಲ್ಲ. ಕಮಲಾಪುರದ ಕೆಂಪು ಬಾಳೆ ಎಂದರೆ ಬುಟ್ಟಿ ಇಳಿಸಿದರೆ ಸಾಕು, ಗಿರಾಕಿ ತಾನಾಗಿಯೇ ಬರುತ್ತದೆ. ಅಂಥ ಹಣ್ಣನ್ನೂ ಕಪ್ಪು ಮಾಡಿಕೊಂಡು ಮನೆಗೆ ಹೊತ್ತು ತರುವ ಗಂಡಸು ಆ ಸೀಮೆಯಲ್ಲಿ ಇವನೊಬ್ಬನೇ. ಕಾರಣ, ಕತೆ. ಹೇಳತೊಡಗಿದನೆಂದರೆ ತಕ್ಕಡಿ ಯಾವ ಕಡೆ ವಾಲಿದೆ ಎಂಬ ಖಬರೂ ಇರುತ್ತಿರಲಿಲ್ಲ. ಕೇಳುವವರು ಹೂಂ ಅನ್ನುತ್ತ ಅನ್ನುತ್ತ ಒಂದು ಹಣ್ಣು ಸುಲಿದು ತಿಂದು, ಸಿಪ್ಪೆಯನ್ನು ಮರ್ಯಾದೆಯಿಂದ ಅವನ ಬುಟ್ಟಿಗೇ ಹಾಕಿ ಹೋಗುತ್ತಿದ್ದರು.

ಸಂತೆಯ ದಿನ ಅವನ ಬಂಡಿ ಕಲಬುರಗಿಯ ಶಹಾಬಜಾರಕ್ಕೆ ಬರುತ್ತಿತ್ತು. ಅಲ್ಲೊಂದು ಬೇವಿನ ಗಿಡ. ಗಿಡದ ಈ ಕಡೆ ಪೀರಪ್ಪನ ಬುಟ್ಟಿ, ಆ ಕಡೆ ಬುರ್ಹಾನುದ್ದೀನನ ಕುಲುಮೆ. ಬುರ್ಹಾನುದ್ದೀನ್ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ತಿದಿ ಒತ್ತಿ, ಪಾತ್ರೆ ಕಾಸಿ, ತವರ ಸವರಿ ಅರಿವೆಯಿಂದ ಒಂದು ಸಲ ಒರೆಸಿದನೆಂದರೆ ಕರಿ ಪಾತ್ರೆಯ ಹೊಟ್ಟೆ ಬೆಳ್ಳಗಾಗುತ್ತಿತ್ತು. ಜಾದೂವನ್ನೇ ಕಸುಬು ಮಾಡಿಕೊಂಡವನ ಪಕ್ಕದಲ್ಲಿ ಬಾಯಿಬಡುಕನೊಬ್ಬ ಬುಟ್ಟಿ ಇಳಿಸಿದ ಮೇಲೆ ಏನಾಗಬೇಕೋ ಅದೇ ಆಯಿತು.

ಮೊದಲು ಪೀರಪ್ಪ 'ಕಣ್ಮುಚ್ಚಿ ಪಟ್ಟಣ' ಎಂಬ ಊರಿನ ಕತೆ ಶುರು ಮಾಡಿದ. ಕಣ್ಣು ಮುಚ್ಚಿದವರಿಗೆ ಮಾತ್ರ ಕಾಣುವ ಊರು ಅದು. ಅಲ್ಲಿ ಕರಿಕಂಬಳಿ ಅಜ್ಜಿ ಎಂಬ ಮುದುಕಿ. ಆಕೆಯ ಶಕ್ತಿಯೆಲ್ಲ ಬಾಯಲ್ಲಿ. "ಕಟ್ಟು" ಅಂದರೆ ಹರಿಯುವ ಹೊಳೆ ನಿಲ್ಲಬೇಕು, "ಬಿಟ್ಟೆ" ಅಂದರೆ ಮತ್ತೆ ಹರಿಯಬೇಕು. ಕಟ್ಟಿದ ಬಾಯಿಯೇ ಬಿಡಿಸಬೇಕು, ಬೇರೆ ಯಾರಿಂದಲೂ ಆಗದು. ಬಿಡಿಸಿದಾಗಲೆಲ್ಲ ಅಜ್ಜಿ ಏನಾದರೊಂದನ್ನು ಮರೆಯಬೇಕು, ಅದು ಅದರ ಬೆಲೆ. ಒಮ್ಮೆ ಮೋಡ ಬಿಡಿಸಿ ಸಾರಿಗೆ ಉಪ್ಪು ಹಾಕಿದ್ದನ್ನು ಮರೆತಳು. ಇನ್ನೊಮ್ಮೆ ಹುಲಿ ಬಿಡಿಸಿ ಗಂಡನ ಹೆಸರನ್ನೇ ಮರೆತಳು. "ಅದೇನು ದೊಡ್ಡ ನುಕ್ಸಾನ್ ಅಲ್ಲ ಬಿಡು" ಎಂದು ಗುಂಡಮ್ಮ ಅಂದಿದ್ದಳಂತೆ.

ಬುರ್ಹಾನುದ್ದೀನ್ ಕೆಲವು ಸಂತೆ ಸುಮ್ಮನೆ ಕೇಳಿದ. ಆಮೇಲೆ ತಡೆಯಲಾಗದೆ, ಇಕ್ಕಳದಲ್ಲಿ ಹಿಡಿದ ಕೊಡವನ್ನು ಹಾಗೇ ಎತ್ತಿ ಹಿಡಿದು ಅಂದ: "ಅಲ್ಲಪಾ ಪೀರಪ್ಪ, ಬರೀ ಬಾಯಿಲೆ ಬಡಬಡ ಅಂದ್ರ ಜಾದೂ ಆಗ್ತದೇನು? ಹಂಗಿದ್ರ ನೀನೂ ಜಾದೂಗಾರನೇ ಆಗಿರ್ತಿದ್ದಿ. ಜಾದೂ ಅಂದ್ರ ಕೈಲೆ ಮಾಡೂದು. ನಿಮ್ಮ ಆ ಶಹರದಾಗ ನಮ್ಮವ ಒಬ್ಬ ಹಾನ. ಫೌಲಾದ್ ಖಾನ್."

ಹೀಗೆ ಬೇರೆಯವನ ಕತೆಯೊಳಗೆ ಬಾಗಿಲು ಬಡಿಯದೆ ನುಗ್ಗಿದ ಫೌಲಾದ್ ಖಾನ್ ಮಾತಿನಲ್ಲಿ ತೊದಲ. ಆದರೆ ಕೈ ಬಂಗಾರ. ನಿನ್ನೆಯನ್ನು ತೋರಿಸುವ ಕನ್ನಡಿ, ನೆರಳನ್ನು ಕೂಡಿಹಾಕುವ ಪೆಟ್ಟಿಗೆ, ಒಳಹೊಕ್ಕರೆ ದಾರಿಯೇ ಸಿಗದ ಮಾಯೆಯ ಕೋಟೆ. ಅದಕ್ಕೆ ಬುರ್ಹಾನುದ್ದೀನ್ ತಿಲಿಸ್ಮ್ ಅನ್ನುತ್ತಿದ್ದ. ಅವನ ಜಾದೂವಿಗೂ ಒಂದು ಕಾಯಿದೆ ಇತ್ತು. ಕಟ್ಟಿದ ತಿಲಿಸ್ಮಿಗೆಲ್ಲ ಒಂದು ಕೀಲಿ ಇರಲೇಬೇಕು, ಆ ಕೀಲಿ ಒಳಗೇ ಇರಬೇಕು. "ಕೀಲಿ ಇಲ್ದಿದ್ದು ತಿಲಿಸ್ಮ್ ಅಲ್ಲ, ಜೈಲು" ಅನ್ನುತ್ತಿದ್ದ, ಕಟ್ಟಿಸಿದವನು ತಾನೇ ಎಂಬ ಗತ್ತಿನಲ್ಲಿ.

ಬಜಾರು ಇಬ್ಭಾಗವಾಯಿತು. ತಮಾಷೆ ನೋಡಿ, ತಾಯಿ ದರ್ಗಾದ ಪೀರನಿಗೆ ಹರಕೆ ಹೊತ್ತು ಹಡೆದು, ಅದಕ್ಕೇ ಪೀರಪ್ಪ ಎಂದು ಹೆಸರಾದವನು ಅಜ್ಜಿಯ ಪಕ್ಷ. ಕಲಾಯಿ ಹಾಕಿಸಲು ಹಂಡೆ ತರುತ್ತಿದ್ದ ಸಕ್ಕೂಬಾಯಿ, ಮಡಿಯೆಂದರೆ ಮಡಿ ಅನ್ನುವ ವೈಷ್ಣವರ ಮನೆಯ ಹಿರಿ ಹೆಂಗಸು, ಫೌಲಾದ್ ಖಾನನ ಪಕ್ಷ. ಯಾಕೆಂದು ಕೇಳಿದರೆ, "ಮಾತಾಡೋ ಗಂಡಸರನ್ನ ಮನಿಯಾಗ ಬೇಕಾದಷ್ಟು ನೋಡೀನಿ. ಕೆಲಸ ಮಾಡಾವ ಒಬ್ಬ ಕತಿಯಾಗರೆ ಇರಲಿ" ಅನ್ನುತ್ತಿದ್ದಳು. ವಾದ ಬಿಸಿಯಾದ ದಿನ ಅವಳ ಹಂಡೆಗೆ ಎರಡೆರಡು ಸಲ ಕಲಾಯಿ ಬೀಳುತ್ತಿತ್ತು. ಅವಳೇನೂ ಬೇಡ ಅನ್ನಲಿಲ್ಲ.

ಬಜಾರದಲ್ಲಿ ಯಾರೂ ಅಜ್ಜಿ, ಖಾನ್ ಎಂದು ಹೆಸರು ಹಿಡಿದು ಮಾತಾಡುತ್ತಿರಲಿಲ್ಲ. ನಮ್ಮಾಕಿ, ನಿಮ್ಮವ, ಅಷ್ಟೇ. "ನಮ್ಮಾಕಿ ನಿನ್ನಿ ಗೆದ್ಲು." "ನಿಮ್ಮವ ಓಡಿಹೋದಲೇ." ಹೀಗೆ ಕೂಗಾಡುತ್ತ, ಒಬ್ಬರ ಬಾಳೆಹಣ್ಣು ಒಬ್ಬರು ತಿನ್ನುತ್ತ, ನಿಜಾಮ ಸರಕಾರದ ಕೊನೆಯ ವರ್ಷಗಳು ಆ ಬೇವಿನ ಗಿಡದ ಕೆಳಗೆ ಕಳೆದವು.

ಆಮೇಲೆ ಕೆಟ್ಟ ಕಾಲ ಬಂತು. ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಹೆಸರು ಕೇಳಿದರೆ ಹಳ್ಳಿಗಳು ಬಾಗಿಲು ಹಾಕುತ್ತಿದ್ದವು. ಎಷ್ಟೋ ಮನೆಗಳು ಸುಟ್ಟವು. ಪೀರಪ್ಪನ ಬಂಡಿ ತಿಂಗಳುಗಟ್ಟಲೆ ಕಮಲಾಪುರ ದಾಟಲಿಲ್ಲ. ತೋಟದಲ್ಲಿ ಕೂತು ಈ ಮಹಾರಾಯ ಏನು ಮಾಡಿದ ಗೊತ್ತೇ? ಕತೆ ಬೆಳೆಸಿದ. ತಾನು ಹೋದ ಕೊನೆಯ ಸಂತೆಯಲ್ಲಿ ಫೌಲಾದ್ ಖಾನ್ ಕನ್ನಡಿ ಕೋಟೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ, ಅಜ್ಜಿ ಹೊರಗೆ ಕಂಬಳಿ ಹಾಸಿ ಕೂತಿದ್ದಳು. ಕೀಲಿ ಒಳಗಿದೆ. ಗೆಲ್ಲುವುದು ಹೇಗೆ? ಗೊನೆ ನೋಡುತ್ತ ನೋಡುತ್ತ ಒಂದು ದಿನ ಪೀರಪ್ಪನಿಗೆ ಹೊಳೆಯಿತು. ಅಜ್ಜಿ ಕೀಲಿಯ ಸದ್ದನ್ನೇ ಕಟ್ಟಿಬಿಟ್ಟರೆ? ಸದ್ದೇ ಇಲ್ಲದ ಕೀಲಿಯನ್ನು ಬೀಗ ಗುರುತು ಹಿಡಿಯುವುದೆಂತು? ಖಾನ್ ಒಳಗೇ ಬಂದಿ. ಹೊಳೆದದ್ದೇ ತಡ, ಬಾಳೆಯ ನಡುವೆ ಕುಣಿದಾಡಿದ. ಗಂಡನಿಗೆ ಗಾಳಿ ಬಡಿಯಿತೆಂದು ಗುಂಡಮ್ಮ ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು.

ಭಾದ್ರಪದದಲ್ಲಿ ಪೋಲೀಸ್ ಆಕ್ಷನ್ ಆಯಿತು. ಭಾರತದ ದಂಡು ಬಂತು, ನಿಜಾಮ ಶರಣಾದ, ರಜಾಕಾರರು ಚದುರಿದರು. ರಸ್ತೆ ತೆರೆಯಿತೆಂದು ಸುದ್ದಿ ಬಂದ ಮೊದಲ ಸಂತೆಗೇ ಪೀರಪ್ಪ ಬಂಡಿ ಕಟ್ಟಿದ. ದಾರಿಯುದ್ದಕ್ಕೂ ಮಿಲಿಟರಿ ಲಾರಿಗಳು. ಊರು ಹೊಕ್ಕರೆ ಮುಸಲ್ಮಾನರ ಅಂಗಡಿಗಳಲ್ಲಿ ಅರ್ಧಕ್ಕರ್ಧ ಬಂದ್. ಇವನ ಕಣ್ಣು ಅದನ್ನೆಲ್ಲ ಕಂಡಿತು, ತಲೆಗೆ ಹೋಗಲಿಲ್ಲ. ತಲೆ ತುಂಬ ಅಜ್ಜಿ ಕೂತಿದ್ದಳು.

ಬುರ್ಹಾನುದ್ದೀನ್ ಅಂದು ಎಷ್ಟೋ ದಿನದ ಮೇಲೆ ಧೈರ್ಯ ಮಾಡಿ ಕುಲುಮೆ ಹೊತ್ತಿಸಿದ್ದ. ಪೀರಪ್ಪ ಬಂಡಿ ನಿಲ್ಲಿಸುವ ಮೊದಲೇ, ಬೇವಿನ ಗಿಡ ಇನ್ನೂ ಅಷ್ಟು ದೂರ ಇರುವಾಗಲೇ, ಎರಡೂ ಕೈ ಮೇಲೆತ್ತಿ ಕೂಗಿದ:

"ಬುರ್ಹಾನಣ್ಣಾ! ನಿಮ್ಮವ ಸೋತಲೇ! ಸೋತ, ಸೋತ! ಇನ್ನ ಹೊರಗ ಬರಲಾರದಂಗ ಸೋತ!"

ಬಜಾರದಲ್ಲಿ ನಿಂತಿದ್ದ ಕೆಲವರು ಹೋ ಎಂದು ನಕ್ಕರು. ಅವರು ಗಿಡದ ಕೆಳಗೆ ಕತೆ ಕೇಳುತ್ತಿದ್ದವರಲ್ಲ. ಬುರ್ಹಾನುದ್ದೀನ್ ತಲೆ ಎತ್ತಿ ಪೀರಪ್ಪನನ್ನು ಒಮ್ಮೆ ನೋಡಿದ. ಆಮೇಲೆ ಕುಲುಮೆಗೆ ನೀರು ಸುರಿದ, ತಿದಿ ಹೆಗಲಿಗೇರಿಸಿದ, ಮನೆಗೆ ನಡೆದುಬಿಟ್ಟ. ಕೀಲಿಯ ಸದ್ದು ಕಟ್ಟಿದ ಉಪಾಯ ಪೀರಪ್ಪನ ಹೊಟ್ಟೆಯಲ್ಲೇ ಉಳಿಯಿತು.

ಮುಂದಿನ ಸಂತೆಗೂ ಕುಲುಮೆ ಹೊತ್ತಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. "ಸೋತಿದ್ದಕ್ಕ ಇಷ್ಟು ಸಿಟ್ಟೇನ್ರೀ? ನಮ್ಮಾಕಿ ಹತ್ತು ಸಲ ಸೋತಾಳ, ನಾ ಹಿಂಗ ಮಾಡೀನೇನು?" ಎಂದು ಪೀರಪ್ಪ ಸಿಕ್ಕವರ ಮುಂದೆಲ್ಲ ಅಲವತ್ತುಕೊಂಡ. ಕೊನೆಗೆ ಸಕ್ಕೂಬಾಯಿಯ ಕೈಗೆ ಸಿಕ್ಕ. ಅವಳು ಕಲಾಯಿ ಕಾಣದೆ ಹಸಿರುಗಟ್ಟಿದ ಹಂಡೆಯನ್ನು ಸೊಂಟದಲ್ಲಿಟ್ಟುಕೊಂಡು ಬಂದಿದ್ದಳು.

"ಅಯ್ಯ ಮೂಳಾ," ಅಂದಳು ಸಕ್ಕೂಬಾಯಿ. "ಅವತ್ತು ನೀ ಏನು ಒದರಿದಿ?"

"ನಿಮ್ಮವ ಸೋತ ಅಂದೆರಿ ಬಾಯಿ."

"ಅವತ್ತು ಈ ಊರಾಗ ಸೋತಾವ ಯಾರು?"

"ಫೌಲಾದ್ ಖಾ..." ಎಂದ ಪೀರಪ್ಪ. ಲಾರಿಗಳು ಈಗ ತಲೆಗೆ ಬಂದವು. ಬಂದ್ ಆದ ಅಂಗಡಿಗಳು ಬಂದವು. ರಜಾಕಾರರು ಹೋದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಅವರ ಪಾಪಕ್ಕೆ ಏನೂ ಸಂಬಂಧವಿಲ್ಲದ ಮುಸಲ್ಮಾನರ ಮನೆಗಳೂ ಸುಟ್ಟಿದ್ದವು, ಜನ ಸತ್ತಿದ್ದರು. ಅದನ್ನೂ ಇವನು ಕೇಳಿದ್ದ. ಆ ಹೆದರಿಕೆಯಲ್ಲಿ ಕೂತವನಿಗೆ ನಟ್ಟನಡು ಬಜಾರದಲ್ಲಿ ತನ್ನ ದೋಸ್ತನೇ ಕೈ ಎತ್ತಿ ಕೂಗಿದರೆ ಹೇಗೆ ಕೇಳಿಸಿರಬೇಕು? ಪೀರಪ್ಪ ಹಣೆಹಣೆ ಬಡಿದುಕೊಂಡ. ಸಕ್ಕೂಬಾಯಿ, "ಬಡಕೋಬ್ಯಾಡ, ಒಳಗ ಏನೂ ಇಲ್ಲ, ಬರೀ ಸದ್ದು" ಅಂದಳು. "ಅವರ ಸಡ್ಡಕ ಹೈದರಾಬಾದಿಗಿ ಕರದಾನಂತ. ನಾಳಿ ರೈಲಿಗಿ ಹೊಂಟಾರ. ಹೋದ್ರ ಮತ್ತ ಬರೂದಿಲ್ಲ. ನಡಿ, ಹಂಡೆ ಹಿಡಿ."

ಬುರ್ಹಾನುದ್ದೀನನ ಮನೆಯ ಬಾಗಿಲು ಮುಚ್ಚಿತ್ತು. ಅವನ ಹೆಂಡತಿ ಶಾಹಜಾದಿ ಕಿಟಕಿಯ ಪರದೆಯ ಹಿಂದಿನಿಂದ ಮಾತಾಡಿದಳು. "ಯಾರ ಕೂಡಾನೂ ಬಾತ್ ಮಾಡಲ್ರೀ. ರೊಟ್ಟಿ ಮುಂದಿಟ್ರ ಗ್ವಾಡಿ ಕಡಿ ಮಾರಿ ಮಾಡ್ತಾರ. ಗಂಟು ಕಟ್ಟೀನಿ."

ಪೀರಪ್ಪ ಬಾಗಿಲಿಗೆ ಬಾಯಿ ಹಚ್ಚಿ, "ಅಣ್ಣಾ, ನಾ ಖಾನನ ಬಗ್ಗೆ ಅಂದಿದ್ದೆ" ಅಂದ. ಆಣೆ ಹಾಕಿದ. ಒಳ್ಳೆಯ ಗೊನೆಯೊಂದನ್ನು ತಂದು ಹೊಸ್ತಿಲಿಗಿಟ್ಟ. ಸಕ್ಕೂಬಾಯಿ ತನ್ನ ಹಂಡೆಯ ಗತಿಯೇನೆಂದು ಮರಾಠಿಯಲ್ಲೂ ಕನ್ನಡದಲ್ಲೂ ಬೈದಳು. ಬೈಗುಳಕ್ಕೂ ಬಾಗಿಲು ಅಲ್ಲಾಡಲಿಲ್ಲ. ಕೊನೆಗೆ ಪೀರಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಅವನಿಗೆ ಬರುತ್ತಿದ್ದದ್ದು ಈ ಲೋಕದಲ್ಲಿ ಒಂದೇ ವಿದ್ಯೆ.

"ಶಾಹಜಾದವ್ವ, ಹೂಂ ಅನ್ರಿ. ಹೂಂ ಅನ್ನಾವರು ಇಲ್ದ ಕತಿ ಮುಂದ ಹೋಗಲ್ಲ."

"ಹೂಂ" ಅಂದಳು ಶಾಹಜಾದಿ, ಅಳುವೇ ಬಂದಿತ್ತು ಅವಳಿಗೆ.

"ಫೌಲಾದ್ ಖಾನ್ ಕನ್ನಡಿ ಕೋಟಿಯಾಗ ಕುಂತಾನ. ಕರಿಕಂಬಳಿ ಅಜ್ಜಿ ಹೊರಗ ಕುಂತಾಳ."

"ಹೂಂ."

"ಖಾನ್ ಒಳಗಿಂದ ಜೋರಾಗಿ 'ಕಟ್ಟು' ಅಂತ ಒದರಿದ. ಅಷ್ಟೇ ನೋಡ್ರಿ, ಕೋಟಿ ಪುಡಿಪುಡಿ ಆತು. ಅಜ್ಜಿ ಧೊಪ್ಪಂತ ಬಿದ್ಲು. ಖಾನ್ ಗೆದ್ದ. ಕತಿ ಮುಗೀತು."

ಜನ್ಮದಲ್ಲಿ ಮೊದಲ ಸಲ ಪೀರಪ್ಪ ತನ್ನ ಅಜ್ಜಿಯನ್ನು ತಾನೇ ಸೋಲಿಸಿದ್ದ. ಶಾಹಜಾದಿ "ಹೂಂ" ಅನ್ನಬೇಕೆನ್ನುವಷ್ಟರಲ್ಲಿ ಒಳಮನೆಯಿಂದ ಒರಟು ದನಿಯೊಂದು ಬಂತು.

"ಊಹೂಂ."

ಸಕ್ಕೂಬಾಯಿ ಪೀರಪ್ಪನ ತೋಳನ್ನು ಚಿವುಟಿದಳು, ಸುಮ್ಮನಿರು ಎಂದು. ಅವನು ಸುಮ್ಮನಿರುವ ಜಾತಿಯವನೇ?

"ಯಾಕಣ್ಣಾ? ಗೆದ್ನಲ್ಲ?"

"ಝೂಟ್!" ಒಳಗಿನ ದನಿ ಈಗ ಬಾಗಿಲಿಗೆ ಹತ್ತಿರ ಬಂದಿತ್ತು. "ಖಾನ್ ಬಾಯಿಲೆ ಜಾದೂ ಮಾಡಲ್ಲ. ತೊದಲ ಅವ. ಕೀಲಿ ಇಲ್ದ ಕೋಟಿ ಒಡೆಯಲ್ಲ. ನನಗ ಖೈರಾತ್ ಗೆಲುವು ಬ್ಯಾಡ, ಭಿಕ್ಷಾ ಬ್ಯಾಡ."

"ಹಂಗಾದ್ರ ನೀನೇ ಹೇಳು. ಕೀಲಿ ಎಲ್ಲದ?"

"ಒಳಗದ."

"ಮತ್ತ ಯಾಕ ತೆಗಿವಲ್ಲ?"

ಬುರ್ಹಾನುದ್ದೀನ್ ಮೆಲ್ಲಗೆ ಅಂದ: "ಅಂಜಿಕಿ ಬರ್ತದ ಪೀರಪ್ಪ. ಹೊರಗ ಯಾರು ಅದಾರ ಗೊತ್ತಾಗವಲ್ದು."

ಪೀರಪ್ಪ ಕಣ್ಣೊರೆಸಿಕೊಂಡ. "ಕೇಳು, ಅವತ್ತ ಆಗಿದ್ದು ಇದು. ಅಜ್ಜಿ ಒಂದು ಮಾತು ಕಟ್ಟಿದ್ಲು. ಕತಿಯಾಗಿನ ಖಾನನಿಗಿ ಕಟ್ಟಿದ್ಲು. ಮುದುಕಿ, ಬುದ್ಧಿಗೇಡಿ, ಹೊತ್ತು ನೋಡಲಿಲ್ಲ, ಊರು ನೋಡಲಿಲ್ಲ. ಆ ಮಾತು ಹೋಗಿ ಬ್ಯಾರೆಯವನಿಗಿ ಬಡೀತು. ತನ್ನ ಜೀವದ ದೋಸ್ತಗ ಬಡೀತು."

"ಹೂಂ." ಈ ಸಲದ ಹೂಂ ಶಾಹಜಾದಿಯದಲ್ಲ.

"ಕಟ್ಟಿದ ಬಾಯೇ ಬಿಡಿಸಬೇಕಲ್ಲ? ಅದಕ್ಕ ಕಮಲಾಪುರದಿಂದ ನಡಕೊಂತ ಬಂದು ಬಾಗಿಲ ಮುಂದ ಕುಂತು, 'ಬಿಟ್ಟೆ' ಅಂದ್ಲು. ಬಿಟ್ಟೆ ಬುರ್ಹಾನಣ್ಣಾ."

ಕಾಯಿದೆ ಎಂದರೆ ಕಾಯಿದೆ. ಬುರ್ಹಾನುದ್ದೀನ್ ಅದನ್ನು ಬಿಡುವವನಲ್ಲ. ಒಳಗಿನಿಂದ ಕೇಳಿದ: "ಬಿಡಿಸಿದ್ರ ಅಜ್ಜಿ ಏನರೆ ಮರಿಬೇಕು. ಏನು ಮರೆತ್ಲು?"

"'ನಿಮ್ಮವ' ಅನ್ನೋ ಮಾತು ಮರೆತ್ಲು. ಇನ್ನ ಸಾಯೂತನಕ ನೆನಪಾಗೂದಿಲ್ಲ."

ಬಾಗಿಲ ಹಿಂದೆ ಚಿಲಕ ಸರಿದ ಸದ್ದಾಯಿತು. ಗಡ್ಡ ಬೆಳೆದ, ಸೊರಗಿದ ಬುರ್ಹಾನುದ್ದೀನ್ ಹೊಸ್ತಿಲಲ್ಲಿ ನಿಂತ. ಇಬ್ಬರೂ ಅತ್ತರು, ನಾಚಿಕೆಯಿಲ್ಲದೆ ಅತ್ತರು. ಅವರ ನಡುವೆ ಸಕ್ಕೂಬಾಯಿ ಹಂಡೆ ತೂರಿಸಿದಳು. "ಅಳೂದು ಆಮ್ಯಾಲ. ಮೊದಲ ಇದನ್ನ ನೋಡು" ಅಂದಳು. ಮರುದಿನದ ರೈಲು ಅವರನ್ನು ಬಿಟ್ಟೇ ಹೋಯಿತು. ಕಟ್ಟಿದ ಗಂಟನ್ನು ಶಾಹಜಾದಿ ಬಿಚ್ಚಿದಳು.

ಆಮೇಲೆ ರಾಜ್ಯ ಬದಲಾಯಿತು, ಹೈದರಾಬಾದು ಹೋಗಿ ಮೈಸೂರು ಬಂತು, ಕತೆ ಮಾತ್ರ ಮುಗಿಯಲಿಲ್ಲ. ಪೀರಪ್ಪನಿಗೆ ಹಣ್ಣು ಮಾರುವುದೂ ಕೊನೆಯವರೆಗೆ ಬರಲಿಲ್ಲ. ಆದರೆ ಬೇವಿನ ಗಿಡದ ಕೆಳಗೆ ಹೊಸದಾಗಿ ಬಂದು ಕೂತವರಿಗೆ ತಲೆ ಕೆಡುತ್ತಿತ್ತು. ಬಾಳೆಹಣ್ಣಿನವನು, "ನಮ್ಮ ಖಾನ್ ಸೋತ ನೋಡು" ಎಂದು ಹಲ್ಲು ಕಿರಿಯುತ್ತಿದ್ದ. ಕಲಾಯಿಯವನು, "ನಮ್ಮ ಅಜ್ಜಿ ಮೋಸ ಮಾಡಿದ್ಲು" ಎಂದು ಇಕ್ಕಳ ಕುಟ್ಟುತ್ತಿದ್ದ. ಯಾರು ಯಾರ ಕಡೆಯವರು ಎಂದು ಕೇಳಿದವರಿಗೆ ಸಕ್ಕೂಬಾಯಿ, "ಕುಂತು ಹೂಂ ಅನ್ರಿ, ಅಷ್ಟು ಸಾಕು" ಅನ್ನುತ್ತಿದ್ದಳು.