ಒಡೆಯದ ಭಾನುವಾರ

ನಮ್ಮ ಮಳವಳ್ಳಿ ಹೈಸ್ಕೂಲಿನ ಗಣಿತದ ಮೇಷ್ಟ್ರು ಕಸ್ತೂರಿರಂಗ ಅಯ್ಯಂಗಾರರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಸಿಟ್ಟು ಬರುತ್ತದೆ. ನಾನು ಅದೇ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಅವರ ಪಕ್ಕದ ಮನೆ ನನ್ನದು.

ಕಲಿಯುಗ ಶುರುವಾದಂದಿನಿಂದ ಕಳೆದ ದಿನಗಳ ಒಟ್ಟು ಸಂಖ್ಯೆಗೆ ಪಂಚಾಂಗದವರು ಅಹರ್ಗಣ ಅನ್ನುತ್ತಾರೆ. ಮೇಷ್ಟ್ರ ತಂದೆ ಪಂಚಾಂಗ ಬರೆಯುತ್ತಿದ್ದವರು. ಆ ತಂದೆ ತೀರಿಕೊಂಡ ದಿನದ ಸಂಖ್ಯೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ. ಮೇಷ್ಟ್ರ ತಮ್ಮ ಶಿವನಸಮುದ್ರದ ಹೊಳೆಯಲ್ಲಿ ಮುಳುಗಿಹೋದ ದಿನದ್ದೂ ಹಾಗೇ. ಅಂದಿನಿಂದ ಅಂಥ ದಿನ ಮನೆಯವರು ಯಾರೂ ಊರ ಗಡಿ ದಾಟುವಂತಿರಲಿಲ್ಲ. “ಒಡೆಯದ ದಿನ ಹಿಡಿದದ್ದನ್ನ ಬಿಡೋಲ್ಲ, ಪುಟ್ಟಸ್ವಾಮಿ” ಎಂದು ಮೇಷ್ಟ್ರು ನನಗೆ ಹೇಳುತ್ತಿದ್ದರು. ನಾವು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ಅವರ ಹೆಂಡತಿ ರಂಗನಾಯಕಮ್ಮ ಮಾತ್ರ ನಗುತ್ತಿರಲಿಲ್ಲ.

೧೯೭೦ರ ಜುಲೈ ೧೯, ಭಾನುವಾರ. ಬೆಳಿಗ್ಗೆ ರಂಗನಾಯಕಮ್ಮನಿಗೆ ಹೊಟ್ಟೆಯ ಬಲಗಡೆ ನೋವು ಎದ್ದಿತು. ಡಾಕ್ಟರು ಒತ್ತಿ ನೋಡಿ, ಅಪೆಂಡಿಕ್ಸ್, ಇವತ್ತೇ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ ಎಂದರು. ನಾನು ಜವರಯ್ಯನ ಬಾಡಿಗೆ ಕಾರು ತರಿಸಿದೆ. ಮೇಷ್ಟ್ರು ಸ್ಲೇಟು ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು. ಅಂದಿನ ಅಹರ್ಗಣ ೧೮,೫೨,೩೨೧.

“ಎರಡರಿಂದ ಹಿಡಿದು ೧೩೨೭ರ ತನಕ ಎಲ್ಲ ಅವಿಭಾಜ್ಯಗಳಿಂದಲೂ ಮೊನ್ನೆಯೇ ಭಾಗಿಸಿದ್ದೀನಿ. ಒಡೀಲಿಲ್ಲ. ನಾಳೇದು ಸಮಸಂಖ್ಯೆ. ಬೆಳಿಗ್ಗೆ ಹೊರಡೋಣ.”

“ಅಮ್ಮೋರು ಬೆವತೋಗವ್ರೆ ಸ್ವಾಮಿ! ಲೆಕ್ಕ ಆಮ್ಯಾಕ್ ನೋಡ್ಕಳಿ, ಒಂಟೋಗವ ಬನ್ನಿ” ಎಂದ ಜವರಯ್ಯ.

ನಾನು ಬೈದೆ, ಬೇಡಿಕೊಂಡೆ. “ಅವಳನ್ನ ಉಳಿಸ್ಕೊಳ್ಳೋಕೇ ಕಣ್ರೀ ನಾನು ತಡೀತಿರೋದು” ಎಂದು ಮೇಷ್ಟ್ರು ಅತ್ತುಬಿಟ್ಟರು. ರಂಗನಾಯಕಮ್ಮ ಗೋಡೆಗೆ ಮುಖ ಮಾಡಿಕೊಂಡು, “ಅವರು ಹೇಳಿದ ಹಾಗೇ ಆಗಲಿ” ಎಂದರು.

ಸಂಜೆ ಹೊತ್ತಿಗೆ ನೋವು ತಟ್ಟನೆ ನಿಂತುಹೋಯಿತು. ಮೇಷ್ಟ್ರು ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ಡಾಕ್ಟರು ಮತ್ತೆ ಬಂದು ನೋಡಿ, ನೋವು ನಿಂತದ್ದು ಒಳ್ಳೆಯದಕ್ಕಲ್ಲ, ಒಳಗೆ ಒಡೆದಿರಬೇಕು ಎಂದರು. ಆಗಲೂ ಮೇಷ್ಟ್ರು ಜಗ್ಗಲಿಲ್ಲ. ಸೋಮವಾರ ಬೆಳಿಗ್ಗೆ ಕಾರು ಹೊರಟಿತು. ಆಸ್ಪತ್ರೆ ತಲುಪುವ ಮುಂಚೆಯೇ ಆಕೆ ತೀರಿಕೊಂಡರು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ ಹೋದೆ. ಮೇಷ್ಟ್ರು ಸ್ಲೇಟು ಹಿಡಿದು ನೆಲದ ಮೇಲೆ ಕೂತಿದ್ದರು.

“ಒಡೀತು, ಪುಟ್ಟಸ್ವಾಮಿ. ೧೩೬೧ನ್ನ ೧೩೬೧ರಿಂದಲೇ ಗುಣಿಸಿದರೆ ಅದೇ ಸಂಖ್ಯೆ. ೧೩೨೭ ಆದಮೇಲೆ ಬಹಳ ದೂರ ಒಂದೂ ಅವಿಭಾಜ್ಯ ಸಿಗೋಲ್ಲ. ವರ್ಗಮೂಲದ ತನಕ ನೋಡಿದರೆ ಸಾಕಲ್ಲ, ಮುಗೀತು ಅಂತ ಅಲ್ಲಿಗೇ ನಿಲ್ಲಿಸಿಬಿಟ್ಟೆ. ಮುಂದಿನದೇ ೧೩೬೧. ಇನ್ನೊಂದೇ ಒಂದು ಭಾಗಾಕಾರ ಮಾಡಿದ್ದರೆ ಭಾನುವಾರವೇ ಹೊರಟುಬಿಡ್ತಿದ್ದೆ.”

ಕತ್ತಿನ ಪಟ್ಟಿ ಹಿಡಿದು, ತಪ್ಪು ಭಾಗಾಕಾರದ್ದಲ್ಲ ಕಣಯ್ಯ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಒಳಗಿನಿಂದ ಅವರ ಮಗಳು ಆಂಡಾಳ್ ಬಂದಳು. ತುಂಬಿದ ಬಸುರಿ. ಮಂಡ್ಯದ ಆಸ್ಪತ್ರೆಗೆ ತೋರಿಸಿಕೊಳ್ಳಲು ಹೊರಟಿದ್ದಳು, ಕೈಯಲ್ಲಿ ಚೀಲವಿತ್ತು.

“ತಾಳಮ್ಮ” ಎಂದರು ಮೇಷ್ಟ್ರು, ಸ್ಲೇಟು ಒರೆಸುತ್ತ. “ಇವತ್ತಿಂದು ಇನ್ನೂ ನೋಡಿಲ್ಲ. ಈ ಸಲ ಒಂದನ್ನೂ ಬಿಡೋಲ್ಲ.”

ಆಂಡಾಳ್ ನನ್ನ ಮುಖ ನೋಡಿದಳು. ಆಮೇಲೆ ಚೀಲ ಕೆಳಗಿಟ್ಟು ಹೊಸ್ತಿಲ ಬಳಿ ಕೂತಳು.